ಬೇಕರಿಯಲ್ಲಿ ಟೂ ಬಿಟ್ಟ ದಿನ

"ಅಯ್ಯೋ, ಇದೂ ತಲೆಕೆಳಗು!" ಚಿನಕುರಳಿ ಕೂಗಿದಳು.

ಡಬ್ಬದ ಮೇಲೆ ಅಂಟಿಸಿದ ಚೀಟಿಯಲ್ಲಿ ನಗುವ ಕೇಕಿನ ಚಿತ್ರವಿತ್ತು. ಅದು ತಲೆ ಕೆಳಗಾಗಿ, ಕಾಲು ಮೇಲಾಗಿ ನಗುತ್ತಿತ್ತು.

ಡಬ್ಬ ಮಡಚುವುದು ಅವಳ ಕೆಲಸ. ಚೀಟಿ ಅಂಟಿಸುವುದು ಗುಂಡನ ಕೆಲಸ. ಗುಂಡ ಅವಳ ಚಿಕ್ಕಮ್ಮನ ಮಗ. ಇಬ್ಬರೂ ಒಂದೇ ಕ್ಲಾಸು. ಇವತ್ತು ಶಾಲೆಗೆ ರಜೆ.

ಊರಿನ ಹೊಸ ಈಜುಕೊಳ ಸಂಜೆ ಶುರುವಾಗಲಿತ್ತು. ಅಲ್ಲಿಗೆ ಬರುವ ಮಕ್ಕಳಿಗೆಲ್ಲ ಚಿಕ್ಕಮ್ಮನ ಬೇಕರಿಯಿಂದಲೇ ಪುಟಾಣಿ ಕೇಕ್! ಇಷ್ಟು ದೊಡ್ಡ ಆರ್ಡರ್ ಹಿಂದೆಂದೂ ಬಂದಿರಲಿಲ್ಲ. ಬೆಳಗ್ಗಿನಿಂದ ಚಿನಕುರಳಿಯ ಕಾಲು ನೆಲದ ಮೇಲೆ ನಿಂತಿರಲಿಲ್ಲ.

"ನೋಡ್ಕೊಂಡು ಅಂಟಿಸೋ! ವ್ಯಾನ್ ಬಂದ್ಬಿಡುತ್ತೆ!"

ಗುಂಡ ಇನ್ನೊಂದು ಚೀಟಿಯನ್ನು ಪಟ್ ಎಂದು ಅಂಟಿಸಿದ. ಅದು ಸೊಟ್ಟಗಾಯಿತು. ನಿನ್ನೆ ಸಂಜೆಯಿಂದಲೂ ಅವನು ಟೂ ಬಿಟ್ಟವನಂತೆ ಮುಖ ಊದಿಸಿಕೊಂಡಿದ್ದ.

ಒಳಗೆ ಧಡಾರ್ ಎಂದು ಸದ್ದಾಯಿತು. ಒಲೆ ನೋಡಿಕೊಳ್ಳುವ ಕೆಲಸದ ಮಾಮ ಟ್ರೇ ಕುಕ್ಕಿದ್ದ. ಅದರಲ್ಲಿದ್ದ ಕೇಕುಗಳೆಲ್ಲ ಕಪ್ಪು ಕಪ್ಪು!

'ಈಗ ಮಾಮನಿಗೆ ಮಂಗಳಾರತಿ ಗ್ಯಾರಂಟಿ' ಎಂದುಕೊಂಡಳು ಚಿನಕುರಳಿ.

ಆದರೆ ಚಿಕ್ಕಮ್ಮ ಕೆನೆ ಕಡೆಯುವ ಮೆಷಿನ್ ಆಫ್ ಮಾಡಿದಳು. ಕೈ ಒರೆಸಿಕೊಂಡು ಮಾಮನ ಹತ್ತಿರ ಬಂದಳು.

"ಏನಾಯ್ತು ನಿಮಗೆ? ಬೆಳಗ್ಗಿಂದ ನಿಮ್ಮ ಮನಸ್ಸು ಇಲ್ಲಿಲ್ಲ."

ಮಾಮ ತಲೆ ಕೆರೆದುಕೊಂಡ. "ಮಗಳು ಮೊದಲ್ನೇ ಸಲ ಒಬ್ಬಳೇ ಬಸ್ಸಲ್ಲಿ ಅಜ್ಜಿ ಮನೆಗೆ ಹೋಗಿದಾಳೆ. ತಲುಪಿದ್ಲೋ ಇಲ್ವೋ..."

"ಹೊರಗೆ ಹೋಗಿ ಫೋನ್ ಮಾಡಿ. ಒಲೆ ನಾನು ನೋಡ್ಕೋತೀನಿ."

"ಈಗ್ಲಾ? ಟೈಮೆಲ್ಲಿದೆ?"

"ಈಗ್ಲೇ!"

ಮಾಮ ಓಡಿದ. ಓಡಿದಷ್ಟೇ ಬೇಗ ನಗುತ್ತಾ ವಾಪಸ್ ಬಂದ. "ಆಗ್ಲೇ ತಲುಪಿ, ಹೊಟ್ಟೆ ತುಂಬ ಊಟ ಮಾಡಿ, ಗೊರಕೆ ಹೊಡೀತಿದಾಳಂತೆ!"

ಆಮೇಲೆ ಅವನ ಕೈ ನೋಡಬೇಕಿತ್ತು! ಟ್ರೇ ಒಳಗೆ, ಟ್ರೇ ಹೊರಗೆ. ಒಂದೊಂದು ಕೇಕೂ ಹೊಂಬಣ್ಣಕ್ಕೆ ಬಂದು ಘಮ್ಮೆನ್ನುತ್ತಿತ್ತು.

ಚಿನಕುರಳಿ ಗುಂಡನ ಕಡೆ ತಿರುಗಿದಳು. ಅವನ ಕಿವಿ ಕೆಂಪಾಗಿತ್ತು. ಅವಳು ಕೈಯಲ್ಲಿದ್ದ ಡಬ್ಬ ಕೆಳಗಿಟ್ಟಳು.

"ಗುಂಡಾ, ನಾನೇನಾದ್ರೂ ಮಾಡಿದ್ನಾ?"

ಅವನು ಚೀಟಿಯನ್ನು ಉಜ್ಜುತ್ತಲೇ ಇದ್ದ. ಇನ್ನೊಮ್ಮೆ ಕೇಳಲು ಅವಳ ನಾಲಿಗೆ ತುರಿಸಿತು. ಹೇಗೋ ಬಾಯಿ ಮುಚ್ಚಿಕೊಂಡಳು.

"ನಿ... ನಿನ್ನೆ ಸ್ಕೂಲ್ ಬಸ್ಸಲ್ಲಿ," ಎಂದ ಗುಂಡ. "ನೀನು ನನ್ನ ಥರ ತೊ... ತೊದಲಿ ತೋರಿಸ್ದೆ. ಎಲ್ರೂ ನಕ್ಕರು."

ಚಿನಕುರಳಿಗೆ ನೆನಪಾಯಿತು. ಬಸ್ಸಿಗೆ ಬಸ್ಸೇ ನಕ್ಕಿತ್ತು. ಅವಳು ಎಲ್ಲರ ಮುಖವನ್ನೂ ನೋಡಿದ್ದಳು. ಗುಂಡನ ಮುಖ ಒಂದನ್ನು ಬಿಟ್ಟು.

"ನಾನು ತಮಾಷೆಗೆ..." ಎಂದು ಶುರುಮಾಡಿದವಳು ನಿಲ್ಲಿಸಿಬಿಟ್ಟಳು. "ತಪ್ಪಾಯ್ತು ಕಣೋ."

"ಇ... ಇನ್ನೊಂದ್ಸಲ ಮಾಡಿದ್ರೆ?"

"ಮಾಡಲ್ಲ."

ಗುಂಡ ತಾನು ಅಂಟಿಸಿದ ಚೀಟಿಯನ್ನು ಓರೆಗಣ್ಣಲ್ಲಿ ನೋಡಿದ. "ಇದೂ ತ... ತಲೆಕೆಳಗಾ?"

"ಲಾಗ ಹಾಕ್ತಿದೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಶುರುವಾಯಿತು ನೋಡಿ! ಅವಳು ಮಡಚಿ ತಳ್ಳುವುದು, ಅವನು ಹಿಡಿದು ಅಂಟಿಸುವುದು, ಚಿಕ್ಕಮ್ಮ ಕೇಕ್ ತುಂಬುವುದು. ಡಬ್ಬಗಳು ಸೂರಿನವರೆಗೂ ಏರಿದವು. ಒಂದು ಚೀಟಿಯೂ ಸೊಟ್ಟಗಾಗಲಿಲ್ಲ.

ಪೋಂ ಪೋಂ! ವ್ಯಾನ್ ಬಂದೇ ಬಿಟ್ಟಿತು.

"ಬೇಗ ಬೇಗ!" ಡ್ರೈವರ್ ಬಾಗಿಲಲ್ಲೇ ಕೂಗಿದ. "ಯಾವ ಡಬ್ಬ ಕೆಳಗೆ, ಯಾವುದು ಮೇಲೆ?"

"ನೀ... ನೀ..." ಎಂದ ಗುಂಡ.

ಡ್ರೈವರ್ ಚಿನಕುರಳಿಯತ್ತ ನೋಡಿದ. ಅವಳಿಗೆ ಉತ್ತರ ಗೊತ್ತಿತ್ತು, ನಾಲಿಗೆಯ ತುದಿಗೇ ಬಂದು ಕೂತಿತ್ತು. ಹೊರಗೆ ಎಂಜಿನ್ ಗುರುಗುಟ್ಟುತ್ತಿತ್ತು. ಅವಳು ತುಟಿ ಬಿಗಿಹಿಡಿದು ಗುಂಡನನ್ನೇ ನೋಡಿದಳು.

"ನೀಲಿ ಚೀಟಿದು ಮೇ... ಮೇಲಿಡಿ. ಅದರಲ್ಲಿ ಕೆನೆ ಇದೆ. ಮೇಲೆ ಭಾರ ಬಿದ್ರೆ ಅ... ಅಪ್ಪಚ್ಚಿ ಆಗುತ್ತೆ. ತಿರುವಲ್ಲಿ ನಿಧಾನಕ್ಕೆ ಹೋಗಿ."

"ಸರಿ ಬಾಸ್!" ಎಂದು ಡ್ರೈವರ್ ಡಬ್ಬ ಎತ್ತಿಕೊಂಡ.

ಗುಂಡನ ಮಾತು ಇಷ್ಟು ಉದ್ದ ಇರುತ್ತದೆಂದು ಚಿನಕುರಳಿಗೆ ಇವತ್ತಿನವರೆಗೂ ಗೊತ್ತೇ ಇರಲಿಲ್ಲ.