ಹೆಬ್ಬೆರಳಿನ ಗುಳಿ

“ಆ ಗುಳಿಯಲ್ಲಿ ಮಾತ್ರ ಹೆಬ್ಬೆರಳು ಇಡಬೇಡ ಕಣೆ. ಉಳಿದಿದ್ದೆಲ್ಲ ಮುಟ್ಟು, ಒಡೆದರೂ ಅಂಟಿಸೋಣ. ಅದೊಂದು ಬೇಡ.”

ದೊಡ್ಡಕ್ಕ ಹೀಗೆಂದಾಗ ಚೂಟಿ ಆ ಮಡಕೆಯೊಳಗೇ ಇಣುಕುತ್ತಿದ್ದಳು. ವಸ್ತುಸಂಗ್ರಹಾಲಯದ ನೆಲಮಾಳಿಗೆಯ ರಿಪೇರಿ ಕೋಣೆಗೆ, ದೊಡ್ಡಕ್ಕನ ಕೈಕೆಳಗೆ, ಅವಳು ಸೇರಿ ಮೂರು ದಿನವಾಗಿತ್ತು. ಹಳೆಯ ಮಡಕೆಗಳ ಚೂರುಗಳನ್ನು ಮರಳಿನ ತಟ್ಟೆಯಲ್ಲಿ ನಿಲ್ಲಿಸಿ, ಅಂಟು ಹಚ್ಚಿ, ಉಸಿರು ಬಿಗಿಹಿಡಿದು ಕಾಯುವ ಕೆಲಸ. ಕಪಾಟಿನ ಮೂಲೆಯ ಈ ಮಡಕೆಗೆ ಮಾತ್ರ ರಿಪೇರಿಯೇ ಬೇಕಿರಲಿಲ್ಲ. ಬೆಂಕಿ ಕಾಣದ ಹಸಿ ಮಣ್ಣಿನದು, ಎರಡು ಸಾವಿರ ವರ್ಷದ ಹಿಂದಿನದು, ಒಂದು ಬಿರುಕಿಲ್ಲ. ಹೊರಗೆ ಹಿಡಿ ಅಂಟಿಸುವಾಗ ಕುಂಬಾರ ಒಳಗಿನಿಂದ ಹೆಬ್ಬೆರಳು ಒತ್ತಿ ಆಸರೆ ಕೊಟ್ಟಿದ್ದ. ಆ ಗುಳಿ ಗೆರೆಗಳ ಸಮೇತ ಹಾಗೇ ಉಳಿದಿತ್ತು.

“ಇಟ್ಟರೆ ಕಚ್ಚುತ್ತಾ ದೊಡ್ಡಕ್ಕ?”

“ಮಾಟದ್ದು ಅದು.”

“ಬಾಗಿಲ ಹಾಜರಿ ಯಂತ್ರ ದಿನಾ ಹೆಬ್ಬೆರಳು ಕೇಳುತ್ತೆ. ಅದಕ್ಕೆ ಕೊಟ್ಟೂ ಬದುಕಿದೀನಲ್ಲ.”

ದೊಡ್ಡಕ್ಕ ನಗಲಿಲ್ಲ. ಅವರ ಬಲಗೈಗೆ ಹೆಬ್ಬೆರಳಿರಲಿಲ್ಲ. ಗಾಜು ಕೊಯ್ದದ್ದೆಂದು ಎಲ್ಲರಿಗೂ ಹೇಳಿದ್ದರು. ಹಾಜರಿಗೆ ಎಡಗೈ ಒತ್ತುತ್ತಿದ್ದರು.

ಮಧ್ಯಾಹ್ನ ಅವರು ಕೈ ತೊಳೆಯಲು ಹೋದದ್ದೇ ತಡ, ಚೂಟಿ ಗುಳಿಯಲ್ಲಿ ಬೆರಳಿಟ್ಟಳು. ಅಳತೆ ತೆಗೆದು ಮಾಡಿಸಿದಂತೆ ಕೂತಿತು. ಮೊದಲು ತಣ್ಣಗೆನಿಸಿತು. ಆಮೇಲೆ ಒದ್ದೆ.

ಕಣ್ಣು ಬಿಟ್ಟರೆ ಸುಡುವ ಬಿಸಿಲು. ಒದ್ದೆ ಮಣ್ಣಿನ ವಾಸನೆ, ಹೊಗೆಯ ಘಾಟು. ಒಂದು ಅಂಗಳ, ಮೂಲೆಯಲ್ಲಿ ಮಡಕೆ ಸುಡುವ ಬಾಯ್ತೆರೆದ ಆವಿಗೆ, ನಡುವೆ ಕಿವಿ ಕೆರೆದುಕೊಳ್ಳುತ್ತಿರುವ ಕರಿನಾಯಿ. ಅವಳ ಹೆಬ್ಬೆರಳು ಹಸಿ ಮಡಕೆಯೊಳಗಿತ್ತು. ಅದೇ ಮಡಕೆಯನ್ನು ಎರಡು ಕೈಯಲ್ಲಿ ಹಿಡಿದು ಎದುರಿಗೆ ಕುಳಿತಿದ್ದವನು ಅವಳದೇ ವಯಸ್ಸಿನ ಹುಡುಗ. ಅವನ ಭಾಷೆ ಯಾವುದೋ, ಆದರೂ ತಿಳಿಯುತ್ತಿತ್ತು.

“ಎಷ್ಟು ತಡ ಮಾಡಿದೆ. ಮಣ್ಣು ಒಣಗಿಬಿಡುತ್ತೆ ಅಂತ ಹೆದರಿದ್ದೆ,” ಎಂದು ಅವನು ನಕ್ಕು ಅವಳ ಗಲ್ಲಕ್ಕೆ ಮಣ್ಣಿನ ಬೊಟ್ಟಿಟ್ಟ.

ಬೆರಳು ತೆಗೆದಾಗ ನೆಲಮಾಳಿಗೆಯಲ್ಲಿ ಫ್ಯಾನು ತಿರುಗುತ್ತಿತ್ತು. ಆಚೆ ನಲ್ಲಿಯ ಸದ್ದು ಇನ್ನೂ ನಿಂತಿರಲಿಲ್ಲ.

ಮಾರನೆಯ ದಿನ ಹೋದಳು. ಅದರ ಮಾರನೆಯ ದಿನವೂ. ಪ್ರತಿ ಸಲವೂ ಅದೇ ನಡುಹಗಲು, ಅದೇ ನಾಯಿ. ಅವನು ತಿಗರಿ ಚಕ್ರ ತಿರುಗಿಸುವುದನ್ನು ಕಲಿಸಿದ. ಅವಳು ಮಾಡಿದ ಸೊಟ್ಟ ಲೋಟ ನೋಡಿ, ಕುಡಿಯುವವನ ಬಾಯಿಯೂ ಸೊಟ್ಟಗಿರಬೇಕೆಂದು ಬಿದ್ದು ಬಿದ್ದು ನಕ್ಕ. ಜಗತ್ತಿನಲ್ಲಿ ಯಾರೂ ತನಗಾಗಿ ಹೀಗೆ ಕಾದಿದ್ದಿಲ್ಲ ಎಂದುಕೊಂಡಳು.

ಆರನೆಯ ದಿನ ಹಾಜರಿ ಯಂತ್ರ ಅವಳ ಬೆರಳನ್ನು ಒಲ್ಲೆನೆಂದಿತು.

“ಮನೇಲಿ ಪಾತ್ರೆ ಜಾಸ್ತಿ ಉಜ್ಜಿಸ್ತಾರೇನಮ್ಮಾ?” ಎಂದ ಕಾವಲುಗಾರ.

ಚೂಟಿ ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳಲ್ಲಿ ಒಂದು ಗೆರೆಯೂ ಇರಲಿಲ್ಲ. ಇರದಿದ್ದರೆ ಇಲ್ಲ ಎಂದುಕೊಂಡಳು. ಹೇಗೂ ಅಲ್ಲೇ ಇದ್ದುಬಿಡುತ್ತೇನೆ ಎಂದು ಅವನಿಗೆ ಮಾತು ಕೊಟ್ಟಾಗಿತ್ತು.

ಅಂದು ದೊಡ್ಡಕ್ಕ ಅವಳ ಗಲ್ಲವನ್ನೇ ನೋಡುತ್ತ ನಿಂತರು. ಅಲ್ಲೊಂದು ಮಣ್ಣಿನ ಕಲೆ ಉಳಿದಿತ್ತು.

“ತಡ ಮಾಡಿದೆ ಅಂದನಾ?”

ಚೂಟಿ ಅಂಗೈಯಿಂದ ಗಲ್ಲ ಒರೆಸಿಕೊಂಡಳು.

“ಮಣ್ಣು ಒಣಗಿಬಿಡುತ್ತೆ ಅಂತ ಹೆದರಿದ್ದೆ, ಅಂದನಾ?” ದೊಡ್ಡಕ್ಕನ ದನಿ ಸಣ್ಣಗಾಯಿತು. “ನನಗೂ ಅದನ್ನೇ ಅಂದಿದ್ದ. ನಲವತ್ತು ವರ್ಷ ಆಯ್ತು. ಅವನಿಗೆ ಇದು ಇನ್ನೂ ಅದೇ ಮಧ್ಯಾಹ್ನ. ಅವನಿಷ್ಟಪಟ್ಟ ಹುಡುಗಿಯನ್ನ ಬೇರೆಯವರಿಗೆ ಕೊಟ್ಟರು. ಅವಳ ಕೂದಲು ಕಲಸಿ ಈ ಮಣ್ಣಿಗೆ ಮಂತ್ರ ಹಾಕಿದ. ಯಾವಳಾದರೂ ಒಬ್ಬಳು ಉಳಿದು ಈ ಮಡಕೆ ಜೊತೆ ಬೇಯೋತನಕ ಅವನ ಹೊತ್ತು ಮುಳುಗಲ್ಲ.”

“ನಿಮಗೆ ಸಿಗಲಿಲ್ಲ ಅಂತ ಹೊಟ್ಟೆಕಿಚ್ಚು,” ಎಂದಳು ಚೂಟಿ. ಅವರೆದುರಿಗೇ ಗುಳಿಯಲ್ಲಿ ಬೆರಳಿಟ್ಟಳು.

“ಎಷ್ಟು ತಡ ಮಾಡಿದೆ...”

“ನನಗಿಂತ ಮುಂಚೆ ಯಾರು ಬಂದಿದ್ದರು?”

ಅವನು ಮುಖವೆತ್ತಲಿಲ್ಲ. “ಈಗ ತಾನೇ ಹೋದಳು. ಅವಳೂ ಇರ್ತೀನಿ ಅಂದಿದ್ದಳು.”

ಪಕ್ಕದ ಹಲಗೆಯ ಮೇಲೆ, ಅಂಟಿಸಲು ಇಟ್ಟ ಹಿಡಿಗಳ ಸಾಲಿನಲ್ಲಿ, ಒಂದು ಹೆಬ್ಬೆರಳಿತ್ತು. ಹಸಿಯಾಗಿತ್ತು. ಕೊಯ್ದ ಬುಡದಲ್ಲಿ ರಕ್ತ ಇನ್ನೂ ಕೆಂಪಗಿತ್ತು.

ಬೆರಳು ಎಳೆದಳು. ಬರಲಿಲ್ಲ. ಮಣ್ಣು ಹೀರುತ್ತಿತ್ತು. ಗೆಣ್ಣಿನ ತನಕ. ಆವಿಗೆ ತಾನಾಗಿ ಹೊತ್ತಿಕೊಂಡಿತು. ಕೂದಲು ಸುಟ್ಟ ವಾಸನೆ. ಅದು ತನ್ನದೇ ಕೂದಲು. ನಾಯಿ ಕೆರೆದುಕೊಳ್ಳುವುದನ್ನು ನಿಲ್ಲಿಸಿತು. ಇಷ್ಟು ದಿನದಲ್ಲಿ ಮೊದಲ ಸಲ ಅಂಗಳದ ನೆರಳು ಅಲುಗಿತು. ಅವನು ಮಡಕೆಯನ್ನೆತ್ತಿ ಬೆಂಕಿಯತ್ತ ನಡೆದ. ಅವಳೂ ಎಳೆಯಲ್ಪಟ್ಟಳು. ಎಡಗೈಗೆ ಹಲಗೆ ಸಿಕ್ಕಿತು. ಹಲಗೆಯ ಮೇಲೆ ತಿಗರಿಯಿಂದ ಮಡಕೆ ಕೊಯ್ಯುವ ದಾರ. ಒಂದು ತುದಿ ಹಲ್ಲಿನಲ್ಲಿ ಕಚ್ಚಿದಳು. ಹೆಬ್ಬೆರಳಿಗೆ ಸುತ್ತಿದಳು. ಎಳೆದಳು.

ಅವನು ತಡೆಯಲಿಲ್ಲ. ಬೇಸರವನ್ನೂ ಪಡಲಿಲ್ಲ. “ಹೋಗಲಿ ಬಿಡು,” ಎಂದ. “ಇನ್ನೊಬ್ಬಳು ಬರ್ತಾಳೆ.”

ಎರಡು ತಿಂಗಳ ಮೇಲೆ ಚೂಟಿ ಕೆಲಸಕ್ಕೆ ಮರಳಿದಳು. ಯಂತ್ರಕ್ಕೆ ಎಡಗೈ ಒತ್ತಿದಳು. ಗಾಜು ಕೊಯ್ದಿತು ಎಂದಳು, ಕಾವಲುಗಾರ ಕೇಳುವ ಮೊದಲೇ. ಕೆಳಗೆ ದೊಡ್ಡಕ್ಕ ಒಬ್ಬರೇ ಮರಳು ಜರಡಿ ಹಿಡಿಯುತ್ತಿದ್ದರು.

“ಇಷ್ಟು ವರ್ಷ ಯಾಕೆ ಒಡೆಯಲಿಲ್ಲ ನೀವು? ಒಡೆದಿದ್ದರೆ ನನ್ನ ಬೆರಳು ಉಳೀತಿತ್ತು.”

“ಹೌದು, ಉಳೀತಿತ್ತು.” ಜರಡಿ ನಿಂತಿತು. “ಒಡೆದರೆ ಅವನಿಗೆ ಆ ಮಧ್ಯಾಹ್ನವೂ ಇರಲ್ಲ ಕಣೆ. ದಿನಾ ಎತ್ತಿಕೊಂಡೆ, ದಿನಾ ಇಟ್ಟೆ.”

“ನಾನು ಒಡೀತೀನಿ.”

“ಒಡಿ. ನಾನು ಆ ಕಡೆ ತಿರುಗ್ತೀನಿ.”

ಅವರು ತಿರುಗಿ ನಿಂತರು. ಚೂಟಿ ಎರಡೂ ಅಂಗೈಗಳಲ್ಲಿ ಮಡಕೆಯನ್ನು ತಲೆಯ ಮೇಲಕ್ಕೆ ಎತ್ತಿದಳು. ಬಿಸಿಲಿಗೆ ಇಟ್ಟಂತೆ ಅದು ಬೆಚ್ಚಗಿತ್ತು. ಒಳಗೆಲ್ಲೋ ನಾಯಿ ಕಿವಿ ಕೆರೆದುಕೊಳ್ಳುವ ಸದ್ದು. ಯಾರೋ ತಮ್ಮಷ್ಟಕ್ಕೆ ನಕ್ಕ ಸದ್ದು. ಅವಳು ತುಂಬಾ ಹೊತ್ತು ಹಾಗೇ ನಿಂತಿದ್ದಳು.

ಆಮೇಲೆ ಅದನ್ನು ಹತ್ತಿಯ ಮೇಲೆ ಇಳಿಸಿದಳು. ಮೆತ್ತನೆಯ ಕುಂಚವನ್ನು ಎಡಗೈಯಲ್ಲಿ ಹಿಡಿದು, ಗುಳಿಯಲ್ಲಿ ಕೂತಿದ್ದ ಧೂಳನ್ನು, ಒಂದು ಗೆರೆಯೂ ಅಳಿಯದಂತೆ, ನಿಧಾನವಾಗಿ ಒರೆಸಿದಳು.