ಕಿಟಕಿಯ ಮೇಲೆ ಹಿಮದ ಹೂ

ಕ್ವಾರಿ ಟೆರೇಸಿನಲ್ಲಿ ಹೆಂಡತಿಯನ್ನು ಕೊಂದವನಿಗೆ ಕ್ಷಮೆ ಸಿಕ್ಕೀತು, ಪ್ಲಾಸ್ಟಿಕ್ ಕಿಟಕಿ ಹಾಕಿಸಿದವನಿಗೆ ಸಿಗದು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಭುಜಕ್ಕೆ ಭುಜ ತಾಗಿಸಿ ಕಟ್ಟಿದ ಆ ಮನೆಸಾಲು ಇಡೀ ಯಾರ್ಕ್‌ಶೈರಿನ ಹೆಮ್ಮೆ. ಮಸಿ ಹಿಡಿದ ಕಲ್ಲು, ಮೇಲೆ ಕೆಳಗೆ ಜಾರುವ ಮರದ ಕಿಟಕಿ, ನೋಡಿದವರ ಮುಖ ಸೊಟ್ಟಗೆ ಕಾಣಿಸುವ ಹಳೇ ಗಾಜು. ಇದರಲ್ಲಿ ಒಂದು ಮೊಳೆ ಬದಲಿಸಬೇಕಾದರೂ ಕೌನ್ಸಿಲ್ಲಿನ ಒಪ್ಪಿಗೆ ಬೇಕು. ಒಪ್ಪಿಗೆ ಬರುವಷ್ಟರಲ್ಲಿ ಕೇಳಿದವನ ಮೊಮ್ಮಗ ಮುದುಕನಾಗಿರುತ್ತಾನೆ.

ಆಂಬ್ರೋಸ್ ಟಿಕಲ್ ಆ ಸಾಲಿನ ಸಂರಕ್ಷಣಾ ಸಂಘದ ಕಾರ್ಯದರ್ಶಿ. ಪಕ್ಕದ ಮನೆಯ ಮಾರ್ಜರಿ ಸ್ಕೋಲ್ಸ್ ಬಚ್ಚಲಿಗೆ ಅಂಗೈಯಗಲದ ಪ್ಲಾಸ್ಟಿಕ್ ಕಿಟಕಿ ಇಟ್ಟಾಗ ದೂರು ಕೊಟ್ಟು ಕೀಳಿಸಿದವನು ಅವನೇ. ಆದರೆ ಅವನ ಮನೆಯ ಚಳಿ ಅಂತಿಂಥ ಚಳಿಯಲ್ಲ. ಕಿಟಕಿಯ ಸಂದಿಯಿಂದ ನುಗ್ಗುವ ಗಾಳಿಗೆ ಕಪ್ಪಿನಲ್ಲೇ ಚಹಾ ಹೆಪ್ಪುಗಟ್ಟುತ್ತಿತ್ತು. ಗೋಡೆಯ ಮೇಲಿನ ಅಜ್ಜನ ಪಟಕ್ಕೂ ನೆಗಡಿ. ಹೆಂಡತಿ ವಿನಿಫ್ರೆಡ್ಡಳ ಎದೆಯಂತೂ ಹರಿದ ತಿದಿಯ ಹಾಗೆ ಸುಂಯ್‌ಗುಡುತ್ತಿತ್ತು.

"ಇನ್ನೊಂದು ಚಳಿಗಾಲ ನನ್ನಿಂದಾಗಲ್ಲ ಆಂಬ್ರೋಸ್," ಎಂದಳು ಅವಳು. "ನಾನು ಅಕ್ಕನ ಮನೆಗೆ ಹೊರಟೆ. ನೀನು ನಿನ್ನ ರಾಣಿ ಕಾಲದ ಕಿಟಕಿ ತಬ್ಕೊಂಡು ಮಲಗು."

ಹೆಂಡತಿಯೂ ಉಳಿಯಬೇಕು, ಮಾನವೂ ಉಳಿಯಬೇಕು. ಟಿಕಲ್ ಅಪರಾಧಕ್ಕೆ ಇಳಿದದ್ದು ಹೀಗೆ.

ಲೀಡ್ಸಿನ ಆಚೆ ಒಬ್ಬ ತಯಾರಕನಿದ್ದ. ಎರಡು ಪದರ ಗಾಜಿನ ಪ್ಲಾಸ್ಟಿಕ್ ಕಿಟಕಿಗೆ ಮರದ ವೇಷ ಹಾಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಟಿಕಲ್ ವಿಳಾಸ ಹೇಳಿ ಮುಗಿಸುವ ಮೊದಲೇ ಅವನು, "ಕ್ವಾರಿ ಟೆರೇಸಾ? ಅಚ್ಚು ರೆಡಿ ಇದೆ ಬಿಡಿ," ಎಂದ. ತಮ್ಮ ಸಾಲಿನ ಕೀರ್ತಿ ಲೀಡ್ಸಿನವರೆಗೂ ಮುಟ್ಟಿದೆಯಲ್ಲ ಎಂದು ಟಿಕಲ್ಲನ ಎದೆ ಉಬ್ಬಿತು.

ಸಂಘದವರನ್ನೆಲ್ಲ ಬಸ್ಸು ಹತ್ತಿಸಿ ಸ್ಕಾರ್ಬರೋ ಸಮುದ್ರ ನೋಡಲು ಕಳಿಸಿ, ತಾನು ಬೆನ್ನುನೋವೆಂದು ಉಳಿದ. ಅವರು ಕರಿದ ಮೀನು ತಿಂದು ಬರುವಷ್ಟರಲ್ಲಿ ಹಳೇ ಕಿಟಕಿಗಳು ಹೋಗಿ ಹೊಸವು ಕೂತಿದ್ದವು. ಆಮೇಲೆ ಶುರುವಾಯಿತು ಅವನ ಕಲೆ. ಬಣ್ಣ ಬಳಿದು ಉಜ್ಜಿ ಸಿಪ್ಪೆ ಏಳಿಸಿದ. ಗಾಳಿ ಬಂದಾಗ ಗಡಗಡ ಅನ್ನಲೆಂದು ಒಂದು ಚಕ್ಕೆಯನ್ನು ಸಡಿಲವಾಗಿ ಸಿಕ್ಕಿಸಿದ. ಹಳೇ ಕಿಟಕಿಯಲ್ಲಿ ತಾತನ ಕಾಲದಿಂದ ಸತ್ತು ಬಿದ್ದಿದ್ದ ನೊಣಗಳನ್ನು ಚಿಮುಟದಿಂದ ಎತ್ತಿ ಹೊಸದಕ್ಕೆ ಸ್ಥಳಾಂತರಿಸಿದ. ರಾಣಿಯೇ ಗೋರಿಯಿಂದೆದ್ದು ಬಂದರೂ ಗುರುತು ಹಿಡಿಯಲಾರಳು.

ಉಳಿದದ್ದು ಒಂದೇ ಗಂಡಾಂತರ, ಕೌನ್ಸಿಲ್ಲಿನ ಪರಿಶೀಲಕ ಫೆನ್ವಿಕ್. ಅವನೇ ಒಮ್ಮೆ ಪಬ್ಬಿನಲ್ಲಿ ಗುಟ್ಟು ಬಿಟ್ಟಿದ್ದ: "ನಾನು ಗಟ್ಟಿ ಹಿಮ ಬಿದ್ದ ಬೆಳಿಗ್ಗೆಯೇ ಬರೋದು ಟಿಕಲ್. ಹಳೇ ಒಂಟಿ ಗಾಜಿನ ಒಳಮೈಗೆ ಹಿಮದ ಹೂ ಅರಳುತ್ತೆ. ಎರಡು ಪದರದ ಕಳ್ಳ ಗಾಜು ಬೋಳಾಗಿ ನಿಂತಿರುತ್ತೆ."

ಫೆನ್ವಿಕ್ಕನ ಈ ಗುಟ್ಟನ್ನು ಟಿಕಲ್ ಹೆಂಡತಿಗೂ ಹೇಳಲಿಲ್ಲ. ಅದಕ್ಕೆ ಉಪಾಯವೂ ಅವನ ಬಳಿ ಇತ್ತು: ಹಳಸಿದ ಬಿಯರಿಗೆ ಭೇದಿಯ ಉಪ್ಪು ಕದಡಿ ಗಾಜಿಗೆ ಬಳಿದರೆ, ಆರಿದ ಮೇಲೆ ಥೇಟು ಹಿಮದ ಹೂವೇ ಮೂಡುತ್ತದೆ. ಕ್ರಿಸ್‌ಮಸ್ಸಿಗೆ ಅವನಜ್ಜಿ ಮಾಡುತ್ತಿದ್ದ ಅಲಂಕಾರ. ಆ ಜನವರಿಯಲ್ಲಿ, ಬಹಳ ವರ್ಷಗಳಲ್ಲೇ ಮೊದಲ ಸಲ, ಕಾಗೆಯ ಕೂಗೂ ಗಂಟಲಲ್ಲೇ ಗಡ್ಡೆಕಟ್ಟುವಂಥ ಹಿಮ ಬಿತ್ತು. ಟಿಕಲ್ ಕುಂಚ ಹಿಡಿದ. ಹೂ, ಬಳ್ಳಿ, ಜರೀಗಿಡ. ಕಾಶ್ಮೀರದ ಶಾಲೂ ನಾಚಬೇಕು.

ಫೆನ್ವಿಕ್ ಬಂದ. ಟಿಕಲ್ ಎದೆಯುಬ್ಬಿಸಿ ಬೀದಿಗಿಳಿದು ಸಾಲಿನುದ್ದಕ್ಕೂ ಕಣ್ಣಾಡಿಸಿದ. ನಿಂತಲ್ಲೇ ಮರಗಟ್ಟಿದ. ಈ ತುದಿಯಿಂದ ಆ ತುದಿಯವರೆಗೆ ಎಲ್ಲ ಮನೆಗಳ ಗಾಜೂ ಬೋಳು. ಹೂ ಬಿಟ್ಟದ್ದು ಅವನದೊಂದೇ. ಲೀಡ್ಸಿನವನ ಬಳಿ ಅಚ್ಚು ಯಾಕೆ ರೆಡಿ ಇತ್ತೆಂದು ಈಗ ಹೊಳೆಯಿತು.

ಬಾಗಿಲುಗಳಲ್ಲಿ ನೆರೆಯವರು ನೆಲ ನೋಡುತ್ತ ನಿಂತಿದ್ದರು. ಫೆನ್ವಿಕ್ ಟಿಕಲ್ಲನ ಕೈ ಹಿಡಿದು ಕುಲುಕಿದ. "ಇಡೀ ಸಾಲಿಗೆ ಒಬ್ಬನೇ ಪ್ರಾಮಾಣಿಕ. ಇವರೆಲ್ಲರ ಕಿಟಕಿ ಕೀಳಿಸಿ, ನಿಮ್ಮದೇ ಮಾದರೀಲಿ ಹಾಕಿಸ್ತೀನಿ. ಒಳಗೆ ಬಂದು ಅಳತೆ ತಗೊಳ್ಳಲಾ?"

"ಇವತ್ತು ಬೇಡ, ಮನೇಲಿ ಹುಷಾರಿಲ್ಲ..."

"ಹೋಗಿ ಸರ್, ಹೋಗಿ," ಎಂದಳು ಮಾರ್ಜರಿ. "ನಮ್ಮ ಟಿಕಲ್ ಅಂದ್ರೆ ಅಪರಂಜಿ. ಒರೆಗೆ ಹಚ್ಚಿಯೇ ನೋಡಿ."

ಫೆನ್ವಿಕ್ ಒಳಗೆ ಕಾಲಿಟ್ಟ. ಕನ್ನಡಕ ಮಂಜಾಯಿತು, ಒರೆಸಿಕೊಂಡ. ಟೊಪ್ಪಿ ತೆಗೆದ, ಕೊರಳ ಉಣ್ಣೆಪಟ್ಟಿ ಬಿಚ್ಚಿದ. ತೆಳ್ಳನೆಯ ಅರೆತೋಳಿನ ಅಂಗಿಯಲ್ಲಿ ವಿನಿಫ್ರೆಡ್ ನಗುತ್ತ ಎದ್ದು ಬಂದಳು. ಕೆಮ್ಮಿನ ಸುಳಿವೇ ಇಲ್ಲ. "ಕೋಟೂ ಬಿಚ್ಚಿ ಸರ್, ಸಂಕೋಚ ಬೇಡ. ಈ ವರ್ಷ ನಮ್ಮನೇಲಿ ಬೇಸಿಗೆ." ಫೆನ್ವಿಕ್ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಹಣೆಯ ಬೆವರು ಒರೆಸಿಕೊಂಡ. ಆಮೇಲೆ ಕರವಸ್ತ್ರ ಕೈಯಲ್ಲಿರುವಂತೆಯೇ, ಕಿಟಕಿಯ ತುಂಬ ಒಂದೆಸಳೂ ಕರಗದೆ ಅರಳಿ ನಿಂತ ಹಿಮದ ಹೂಗಳ ಕಡೆ ನಿಧಾನವಾಗಿ ತಿರುಗಿದ.