ಎಂಟು ಸಲ ತಿರುಗಿಸಿದ ಟ್ಯೂಬು

ಸ್ಪಿರಿಟ್ ವಾಸನೆ ಬಂದರೆ ಅವಳಿಗೆ ಅಪ್ಪನ ನೆನಪು. ಕಾಂಪೌಂಡರ್ ಆಗಿದ್ದ ಅಪ್ಪ ಸಂಜೆ ಬಂದು ಎತ್ತಿಕೊಂಡರೆ ಅಂಗಿಯ ತೋಳಿಗೆಲ್ಲ ಅದೇ ವಾಸನೆ! "ಕಣ್ಣಾರೆ ನೋಡದೆ ಏನೂ ಹೇಳ್ಬಾರ್ದು ಪುಟ್ಟಿ" ಎನ್ನುತ್ತಿದ್ದರು.

ಈಗ ಅವಳೇ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಒಂದು ದಿನ ಜ್ವರದ ವಾರ್ಡಿನ ಹೊಸ ನರ್ಸ್ ರಕ್ತದ ಟ್ಯೂಬು ಕೊಟ್ಟು ಕಿಟಕಿಯಾಚೆ ನಿಂತಿದ್ದ.

"ಏನ್ರೀ, ಇದು ರಕ್ತವೋ ಜೆಲ್ಲಿಯೋ? ಟ್ಯೂಬನ್ನ ಎಂಟು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸ್ಬೇಕು, ಇಲ್ದಿದ್ರೆ ಹೆಪ್ಪುಗಟ್ಟಿ ಕಣಗಳ ಲೆಕ್ಕ ಕಡಿಮೆ ಬರುತ್ತೆ. ಯಾರೂ ಹೇಳ್ಕೊಡ್ಲಿಲ್ವಾ?"

"ಹೇಳ್ಕೊಟ್ರು ಮೇಡಂ. ಇಷ್ಟು ಪ್ರೀತಿಯಿಂದ ಹೇಳ್ಲಿಲ್ಲ, ಅಷ್ಟೇ!"

ಮರುದಿನದಿಂದ ಅವನು ಅವಳೆದುರೇ ಟ್ಯೂಬು ತಿರುಗಿಸಿ ಎಣಿಸತೊಡಗಿದ. "ಒಂದು... ಎರಡು..." ಎಂಟಕ್ಕೆ ಬರುವಷ್ಟರಲ್ಲಿ ಅವಳು ಮುಖ ತಿರುಗಿಸಿ ನಗುತ್ತಿದ್ದಳು.

ಒಂದು ಬೆಳಿಗ್ಗೆ ಅವನ ಬದಲು ಆಯಾ ಬಂದರು. ಹದಿನೇಳನೇ ಬೆಡ್ಡಿನ ರಕ್ತದಲ್ಲಿ ಲಿಂಫೋಸೈಟ್, ಅಂದರೆ ವೈರಸ್ಸಿನೊಡನೆ ಸೆಣಸುವ ಬಿಳಿಯ ಕಣಗಳು, ತೀರಾ ಕಡಿಮೆ.

'ಮತ್ತೆ ತಿರುಗಿಸೋದು ಮರೆತಿದ್ದಾನೆ ಮಹಾರಾಯ!'

ಹೆಪ್ಪಿದೆಯೇ ಎಂದು ಟ್ಯೂಬಿಗೆ ಕಡ್ಡಿ ಇಳಿಸಿ ನೋಡಲೂ ಇಲ್ಲ. 'ಹೆಪ್ಪುಗಟ್ಟಿದೆ, ಮತ್ತೆ ಕಳಿಸಿ' ಎಂದು ಬರೆದುಬಿಟ್ಟಳು.

ಮೂರು ಗಂಟೆ ಕಳೆದ ಮೇಲೆ ಎರಡನೇ ಟ್ಯೂಬು ಬಂತು. ಲಿಂಫೋಸೈಟ್ ಇನ್ನೂ ಇಳಿದಿತ್ತು. ಉರಿಯೂತ ಅಳೆಯುವ ಸಿಆರ್‌ಪಿ ವಿಪರೀತ ಏರಿತ್ತು. ಮೊದಲ ಟ್ಯೂಬಿಗೆ ಈಗ ಕಡ್ಡಿ ಇಳಿಸಿದಳು... ಹೆಪ್ಪಿನ ಒಂದು ಎಳೆಯೂ ಇಲ್ಲ!

ವಾರ್ಡಿಗೆ ಫೋನ್ ಮಾಡಿದಳು. "ಸಿಸ್ಟರ್, ಹದಿನೇಳನೇ ಬೆಡ್ಡಿಗೆ ಸೋಂಕು ಜೋರಾಗ್ತಿದೆ! ಕೂಡಲೇ ಡಾಕ್ಟ್ರಿಗೆ ಹೇಳಿ. ಯಾರದು?"

"ನಮ್ಮ ಹೊಸ ನರ್ಸ್ ಹುಡುಗನದೇ ಕಣಮ್ಮ, ರಾತ್ರಿ ಜ್ವರ ಏರಿ ಇಲ್ಲೇ ಸೇರಿಸಿದ್ವಿ. ಉಸಿರಿಗೆ ಒದ್ದಾಡ್ತಾ ಇದ್ರೂ ತನ್ನ ಟ್ಯೂಬನ್ನ ತಾನೇ ಎಂಟು ಸಲ ಎಣಿಸಿ ತಿರುಗಿಸಿ ಕಳಿಸಿದ್ದ..."

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಅಂದೇ ದೊಡ್ಡ ಡಾಕ್ಟರ ಮುಂದೆ ತಪ್ಪೊಪ್ಪಿಕೊಂಡಳು. ಅವನಿಗೆ ಆಕ್ಸಿಜನ್ ಹಾಕಿದ್ದರು. ದಿನವೂ ಅವನ ರಕ್ತ ಅವಳ ಕೈಗೇ ಬರುತ್ತಿತ್ತು. ಕಣಗಳು ಸ್ವಲ್ಪಸ್ವಲ್ಪವೇ ಏರಿದವು. ಆದರೆ ವಾರ್ಡಿನ ಬಾಗಿಲವರೆಗೂ ಹೋಗಲಾಗಲಿಲ್ಲ. 'ಯಾವ ಮುಖ ಹೊತ್ತು ಹೋಗಲಿ?' ಮಧ್ಯಾಹ್ನದ ಊಟಕ್ಕೂ ಏಳದೆ ಮೇಜಿನ ಮುಂದೆಯೇ ಕೂತಿರುತ್ತಿದ್ದಳು. ಆಯಾ ಎಲ್ಲವನ್ನೂ ನೋಡಿ, ಮೇಜಿನ ಮೇಲೆ ನೀರಿನ ಲೋಟ ಇಟ್ಟು ಹೋಗುತ್ತಿದ್ದರು.

ಹನ್ನೆರಡನೇ ದಿನ ಕಿಟಕಿಯಲ್ಲಿ ಸೊರಗಿದ ಮುಖವೊಂದು ಕಂಡಿತು.

ಅವಳು ತಲೆಯೆತ್ತಲಿಲ್ಲ. "ಮೂರು ಗಂಟೆ ತಡ ಆಗಿದ್ದು ನನ್ನಿಂದ. ನೋಡದೇ ಬರೆದುಬಿಟ್ಟೆ..."

"ಗೊತ್ತು. ನೀವೇ ಡಾಕ್ಟ್ರಿಗೆ ಹೇಳಿದ್ರಂತೆ."

"ಬೈಯ್ರಿ ನನ್ನ!"

"ಬೈಯೋಕೆ ಉಸಿರು ಸಾಲಲ್ಲ ಮೇಡಂ. ಇರೋ ಉಸಿರಲ್ಲಿ ಒಂದು ಮಾತು ಹೇಳ್ಲಾ? ಭಯ ಆದಾಗೆಲ್ಲ ಎಂಟರವರೆಗೆ ಎಣಿಸ್ತಿದ್ದೆ. ಎಂಟಕ್ಕೆ ನಿಮ್ಮ ನಗು ಕಾಣ್ತಿತ್ತು..."

"ನಾನು ಇಲ್ಲಿ ನಿಮ್ಮ ಕಣಗಳನ್ನ ಎಣಿಸ್ತಾ ಕೂತಿದ್ದೆ. ನೀವಿಲ್ದೆ ನನಗೆ..."

"ಊಟ ಬಿಟ್ಟಿದ್ದೀರಂತೆ. ಆಯಾ ಹೇಳಿದ್ರು."

ಟ್ಯೂಬು ಕೊಡುವ ಅದೇ ಕಿಂಡಿಯಲ್ಲಿ ಅವನು ಬಿಸಿಯಾಗಿದ್ದ ಊಟದ ಡಬ್ಬಿಯನ್ನು ಮೆಲ್ಲನೆ ಒಳಗೆ ಸರಿಸಿದ.